ಸತ್ತ ಮೇಲಲ್ಲ, ಬದುಕಿದ್ದಾಗಲೇ ನೋಡೋಣ: ತಿಮಿಂಗಿಲಗಳ ಬಗ್ಗೆ ಕರಾವಳಿಯ ಮೂವರು ಸಂಸದರಿಗೆ ಬಹಿರಂಗ ಪತ್ರ

ಉತ್ತರ ಕನ್ನಡ, ಉಡುಪಿ-ಚಿಕ್ಕಮಗಳೂರು ಮತ್ತು ದಕ್ಷಿಣ ಕನ್ನಡ ಕ್ಷೇತ್ರಗಳ ಮಾನ್ಯ ಸಂಸದರೇ,

ನಮಸ್ಕಾರ. ಕರ್ನಾಟಕದ ಕಡಲು ನಿಮ್ಮ ಮೂವರ ಕ್ಷೇತ್ರಕ್ಕೂ ತಾಗಿಕೊಂಡಿದೆ. ಅದಕ್ಕೇ ಈ ಪತ್ರ ಮೂವರಿಗೂ. ರಸ್ತೆ, ಬಂದರು, ಕಡಲ್ಕೊರೆತ, ಡೀಸೆಲ್ ಸಬ್ಸಿಡಿ ಅಂತ ನಿಮ್ಮ ಮೇಜಿನ ಮೇಲೆ ದಿನಾ ಮನವಿಗಳು ಬಂದು ಬೀಳುತ್ತವೆ. ತಿಮಿಂಗಿಲದ ಬಗ್ಗೆ ಬಂದದ್ದು ಅಪರೂಪವೇ ಇರಬೇಕು. ಆದರೆ ಈ ಕೆಲಸ ಶಾಸಕರಿಂದ, ಪಂಚಾಯಿತಿಯಿಂದ ಆಗುವಂಥದ್ದಲ್ಲ. ದಂಡೆಯಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ರಾಜ್ಯದ ಕೈಯಲ್ಲಿದೆ. ಅಲ್ಲಿಂದಾಚೆ 200 ಮೈಲಿವರೆಗೆ ಎಲ್ಲವೂ ಕೇಂದ್ರದ್ದು. ಅಲ್ಲಿನ ಮಾತನ್ನು ಆಡಬೇಕಾದವರು ಸಂಸತ್ತಿನಲ್ಲಿ ಕೂತಿರುವ ನೀವು.

ನಾನು ಹೇಳುವುದು ಇಷ್ಟೇ. ನಮ್ಮ ದೇಶ ತಿಮಿಂಗಿಲಕ್ಕೆ ಒಳ್ಳೆಯ ಕಾನೂನು ಕೊಟ್ಟಿದೆ. ಆದರೆ ನಾವು ತಿಮಿಂಗಿಲವನ್ನು ನೋಡುವುದು, ಅಳೆಯುವುದು, ತಿಳಿದುಕೊಳ್ಳುವುದು ಬಹುತೇಕ ಅದು ಸತ್ತು ದಂಡೆಗೆ ಬಂದ ಮೇಲೆ. ಬದುಕಿರುವ ತಿಮಿಂಗಿಲವನ್ನು ಅದರ ನೀರಿನಲ್ಲೇ, ವರ್ಷವೂ ತಪ್ಪದೆ, ಒಂದೇ ಕ್ರಮದಲ್ಲಿ ನೋಡುವ ವ್ಯವಸ್ಥೆ ಬೇಕು. ಅದನ್ನು ನೀವು ಕೇಳಿ ತರಿಸಬೇಕು.

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಖಂಡಿತ ಹೇಳುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ತಿಮಿಂಗಿಲಗಳಿವೆ. ಅಂದರೆ ಹುಲಿಗೆ, ಆನೆಗೆ ಎಷ್ಟು ರಕ್ಷಣೆಯೋ ಅಷ್ಟೇ ಇವಕ್ಕೂ. ಹಿಂದೂ ಮಹಾಸಾಗರದಲ್ಲಿ ವಾಣಿಜ್ಯ ಬೇಟೆ ಕೂಡದು ಅಂತ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 1979ರಲ್ಲೇ ಇದನ್ನು ಅಭಯಧಾಮ ಮಾಡಿತು. ಭಾರತ 1981ರಿಂದ ಆ ಆಯೋಗದ ಸದಸ್ಯ. 2018ರಲ್ಲಿ ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್ ತಿಮಿಂಗಿಲವನ್ನು ಅಳಿವಿನಂಚಿನ ಜೀವಿಗಳ ಚೇತರಿಕೆ ಕಾರ್ಯಕ್ರಮಕ್ಕೆ ಸೇರಿಸಲಾಯಿತು. 2021ರ ಜನವರಿಯಲ್ಲಿ ದಂಡೆಗೆ ಬಂದು ಬೀಳುವ ದೊಡ್ಡ ಕಡಲಜೀವಿಗಳನ್ನು ಹೇಗೆ ನೋಡಿಕೊಳ್ಳಬೇಕು ಅಂತ ಕೇಂದ್ರದ ಮಾರ್ಗಸೂಚಿಯೂ ಬಂತು. ಹೊನ್ನಾವರ ತಾಲ್ಲೂಕಿನಲ್ಲಿ ಅಪ್ಸರಕೊಂಡ-ಮುಗಳಿ ಕಡಲಧಾಮ ಬಂದದ್ದು ನಮ್ಮ ರಾಜ್ಯಕ್ಕೆ ಮೊದಲನೆಯದು. ಇವೆಲ್ಲ ಸಣ್ಣ ವಿಷಯ ಅಲ್ಲ.

ಆದರೆ ಸಮೀಕ್ಷೆಯ ಕಥೆ ನೋಡಿ. ನಮ್ಮ ಕಡಲಿನಲ್ಲಿ ತಿಮಿಂಗಿಲ, ಡಾಲ್ಫಿನ್‌ಗಳು ಎಷ್ಟಿವೆ ಅಂತ ಈಚಿನ ವರ್ಷಗಳಲ್ಲಿ ನಡೆದ ದೊಡ್ಡ ಸಮೀಕ್ಷೆಗೆ ಒತ್ತಡ ಬಂದದ್ದು ಸೀಗಡಿ ಮಾರುಕಟ್ಟೆಯಿಂದ. ಕಡಲ ಸಸ್ತನಿಗಳಿಗೆ ಹಾನಿ ಮಾಡಿ ಹಿಡಿದ ಮೀನನ್ನು ತಾವು ಕೊಳ್ಳುವುದಿಲ್ಲ ಅಂತ ಅಮೆರಿಕ 2016ರಲ್ಲಿ ನಿಯಮ ಮಾಡಿತು. ಹಲವು ಸಲ ಮುಂದೂಡಿ, ಕೊನೆಗೆ 2026ರ ಜನವರಿ 1 ಅಂತ ಗಡುವು ಹಾಕಿತು. ನಮ್ಮ ಮೀನು ರಫ್ತಿಗೆ ಅಮೆರಿಕವೇ ದೊಡ್ಡ ಗಿರಾಕಿ. ಹಾಗಾಗಿ ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಗೆ ಎಣಿಕೆಯ ಕೆಲಸ ಬಂತು. ಅಲ್ಲಿನ ವಿಜ್ಞಾನಿಗಳು ಚೆನ್ನಾಗಿಯೇ ಮಾಡುತ್ತಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ನನ್ನ ಚಿಂತೆ ಬೇರೆ. ಮಾರುಕಟ್ಟೆ ಕೇಳಿದ್ದಕ್ಕೆ ಶುರುವಾದ ಎಣಿಕೆ, ಮಾರುಕಟ್ಟೆ ಸುಮ್ಮನಾದರೆ ನಿಂತು ಹೋಗಬಾರದು ಅಲ್ವಾ? ನಮ್ಮ ನೀರಿನ ಜೀವಿಯನ್ನು ನಮಗೋಸ್ಕರ ಎಣಿಸಬೇಕು.

ನಮಗೆ ಎಣಿಸಲು ಬರುತ್ತದೆ. 2006ರಿಂದ ನಾಲ್ಕು ವರ್ಷಕ್ಕೊಮ್ಮೆ ದೇಶದ ಹುಲಿಗಳನ್ನು ಎಣಿಸುತ್ತಿದ್ದೇವೆ. ನದಿ ಡಾಲ್ಫಿನ್‌ಗಳಿಗಾಗಿ ಎಂಟು ರಾಜ್ಯಗಳ 28 ನದಿಗಳಲ್ಲಿ 8,500 ಕಿಲೋಮೀಟರ್ ದೋಣಿಯಲ್ಲಿ ಓಡಾಡಿದರು. ಒಟ್ಟು 6,327 ಅಂತ 2025ರ ಮಾರ್ಚ್‌ನಲ್ಲಿ ಪ್ರಧಾನಿಯವರೇ ವರದಿ ಬಿಡುಗಡೆ ಮಾಡಿದರು. ನದಿಗೆ ಮಾಡಿದ್ದನ್ನು ಕಡಲಿಗೂ ಮಾಡಬಹುದು. ಖರ್ಚು ಜಾಸ್ತಿ, ಹೌದು. ದಂಡೆಯಿಂದ 200 ಮೈಲಿವರೆಗಿನ ನಮ್ಮ ಅನನ್ಯ ಆರ್ಥಿಕ ವಲಯವೇ 20 ಲಕ್ಷ ಚದರ ಕಿಲೋಮೀಟರ್‌ಗಿಂತ ದೊಡ್ಡದು. ಅಷ್ಟನ್ನೂ ಒಂದೇ ಸಲ ಮುಗಿಸಿ ಅಂತ ಯಾರೂ ಕೇಳುತ್ತಿಲ್ಲ. ಗೋವಾದಿಂದ ಕನ್ಯಾಕುಮಾರಿವರೆಗಿನ ಪಟ್ಟಿಯಿಂದ ಶುರು ಮಾಡಿ.

ಅಲ್ಲಿಂದಲೇ ಯಾಕೆ ಅಂದರೆ, ಸಾವುಗಳು ಇಲ್ಲೇ ಕಾಣುತ್ತಿವೆ. ದೇಶದಲ್ಲಿ ತಿಮಿಂಗಿಲ ದಂಡೆಗೆ ಬಂದು ಬೀಳುವುದು ಈಚಿನ ಹತ್ತು ವರ್ಷಗಳಲ್ಲಿ ತುಂಬಾ ಹೆಚ್ಚಿದೆ ಅಂತ ಅದೇ ಕೊಚ್ಚಿ ಸಂಸ್ಥೆಯ ಅಧ್ಯಯನ ಹೇಳುತ್ತದೆ. 2023 ಒಂದೇ ವರ್ಷದಲ್ಲಿ ಒಂಬತ್ತು. ಹೆಚ್ಚು ಬೀಳುವ ಜಾಗ ಕೇರಳ, ಕರ್ನಾಟಕ, ಗೋವಾ. ಹೆಚ್ಚು ಬೀಳುವ ಕಾಲ ಆಗಸ್ಟ್‌ನಿಂದ ನವೆಂಬರ್. ಬಹುಪಾಲು ಬ್ರೈಡ್ಸ್ ಜಾತಿಯವು. ಆ ವರ್ಷದ ಸೆಪ್ಟೆಂಬರ್ ಕೊನೆಗೆ ಕೋಝಿಕ್ಕೋಡ್‌ನ ದಂಡೆಗೆ ಒಂದು ನೀಲಿ ತಿಮಿಂಗಿಲವೇ ಬಂದು ಬಿತ್ತು.

ಈ ತಿಂಗಳುಗಳನ್ನು ಸ್ವಲ್ಪ ಗಮನಿಸಿ. ಮುಂಗಾರಿನಲ್ಲಿ ನಮ್ಮ ಕಡಲಿನ ಆಳದ ತಣ್ಣೀರು ಮೇಲೆ ಬರುತ್ತದೆ. ಅದರ ಸತ್ವಕ್ಕೆ ಭೂತಾಯಿ, ಬಂಗುಡೆ ಮೀನುಗಳು ಸೇರುತ್ತವೆ. ಬ್ರೈಡ್ಸ್ ತಿಮಿಂಗಿಲ ತಿನ್ನುವುದೂ ಇಂಥ ಹಿಂಡು ಕಟ್ಟುವ ಸಣ್ಣ ಮೀನನ್ನೇ. ಆಗಸ್ಟ್ 1ಕ್ಕೆ ನಮ್ಮ ಯಾಂತ್ರಿಕ ಬೋಟುಗಳ ರಜೆ ಮುಗಿಯುತ್ತದೆ. ಮಲ್ಪೆ, ಗಂಗೊಳ್ಳಿ, ತದಡಿಯಿಂದ ಬೋಟುಗಳೆಲ್ಲ ಒಟ್ಟಿಗೆ ಇಳಿಯುತ್ತವೆ. ಮೀನು ಎಲ್ಲಿದೆಯೋ ಅಲ್ಲಿಗೆ ಬೋಟೂ ಬರುತ್ತದೆ, ತಿಮಿಂಗಿಲವೂ ಬರುತ್ತದೆ. ಅದೇ ಹೊತ್ತಿಗೆ ಗಾಳಿ ಪಶ್ಚಿಮದಿಂದ ಬೀಸುತ್ತದೆ, ದೂರದಲ್ಲಿ ಎಲ್ಲೋ ಸತ್ತದ್ದನ್ನೂ ದಂಡೆಗೆ ತಂದು ಹಾಕುತ್ತದೆ. ಸಾವಿಗೆ ಕಾರಣ ಬಲೆಯೋ, ಹಡಗೋ, ಕಾಯಿಲೆಯೋ? ಅಥವಾ ಸಾವು ಹೆಚ್ಚಾಗದೆ ಮೊಬೈಲ್ ಇರುವುದರಿಂದ ಸುದ್ದಿ ಮಾತ್ರ ಹೆಚ್ಚಾಗಿದೆಯೋ? ಮನೆಯಲ್ಲಿ ಕೂತು ಊಹಿಸಿ ಇದನ್ನು ಬಗೆಹರಿಸಲು ಆಗುವುದಿಲ್ಲ. ಸತ್ತದ್ದನ್ನು ಸರಿಯಾಗಿ ಪರೀಕ್ಷಿಸಬೇಕು, ಬದುಕಿದ್ದನ್ನು ಹೋಗಿ ನೋಡಬೇಕು.

ಪರೀಕ್ಷೆ ಅಂದರೆ ಈಗ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ, ಮಳೆ ಕಡಿಮೆಯಾಗುತ್ತಿದ್ದ ದಿನಗಳಲ್ಲಿ, ನಮ್ಮೂರ ಹತ್ತಿರದ ದಂಡೆಗೆ ಒಂದು ಬಂದಿತ್ತು. ಗಾಳಿಮರಗಳ ಸಾಲು ದಾಟುವ ಮೊದಲೇ ವಾಸನೆ ಹೊಡೆಯಿತು. ಮೈಮೇಲಿನ ಕಪ್ಪು ಚರ್ಮ ಪೂರ್ತಿ ಕಳಚಿ ಹೋಗಿ, ಒಳಗಿನ ಬಿಳಿ ಕೊಬ್ಬು ಉಬ್ಬಿಕೊಂಡಿತ್ತು. ಗಂಟಲಿನಿಂದ ಹೊಟ್ಟೆಯವರೆಗೆ ಉದ್ದುದ್ದ ಗೆರೆಗಳು ಮಾತ್ರ ಇನ್ನೂ ಚೆನ್ನಾಗಿ ಕಾಣುತ್ತಿದ್ದವು. ನೀರು ಸೋಸಿ ಮೀನು ಹಿಡಿಯುವ ಬಾಯಿಯ ಜಾಲರಿ ಕಿತ್ತು ಬಂದು ತೆಂಗಿನ ನಾರಿನ ಹಾಗೆ ಮರಳಿನಲ್ಲಿ ಹರಡಿತ್ತು. ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರು. ಪಶು ವೈದ್ಯರೊಬ್ಬರು ಬಂದರು. ಪಾಪ, ಅವರ ಚೀಲದಲ್ಲಿದ್ದದ್ದು ಹಸು, ಎಮ್ಮೆಗೆ ಬೇಕಾದ ಸಾಮಾನು. ಅಷ್ಟರಲ್ಲೇ ಒಂದು ತುಂಡು ಕೊಯ್ದುಕೊಂಡರು, ಟೇಪ್ ಹಿಡಿದು ಉದ್ದ ಬರೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಜೆಸಿಬಿ ಬಂತು. ಸಂಜೆಯೊಳಗೆ ಗುಂಡಿ ಮುಚ್ಚಿತ್ತು. ಸಾವಿಗೆ ಕಾರಣ ಗೊತ್ತಾಗಿಲ್ಲ ಅಂತ ವರದಿ.

ಆ ವೈದ್ಯರನ್ನು ನಾನು ದೂರುವುದಿಲ್ಲ. ಅವರಿಗೆ ಯಾರೂ ಕಲಿಸಿರಲಿಲ್ಲ, ಯಾರೂ ಸಾಮಾನು ಕೊಟ್ಟಿರಲಿಲ್ಲ. ಆದರೆ ಆ ಗುಂಡಿಯೊಳಗೆ ಹೋದದ್ದು ಎಷ್ಟು ಗೊತ್ತಾ? ಹಡಗು ಬಡಿದಿದ್ದರೆ ದವಡೆ, ಬೆನ್ನುಮೂಳೆ ಮುರಿದಿರುತ್ತದೆ, ಕೊಬ್ಬಿನಡಿ ರಕ್ತ ಹೆಪ್ಪುಗಟ್ಟಿರುತ್ತದೆ. ಬಲೆಗೆ ಸಿಕ್ಕಿದ್ದರೆ ಬಾಲದ ಬುಡದಲ್ಲಿ ಹಗ್ಗ ಕೊರೆದ ಗಾಯ ಇರುತ್ತದೆ. ಪ್ಲಾಸ್ಟಿಕ್ ನುಂಗಿದ್ದರೆ ಹೊಟ್ಟೆಯಲ್ಲಿ ಸಿಗುತ್ತದೆ. ಕಿವಿಯೊಳಗಿನ ಗುಗ್ಗೆಯ ಗಟ್ಟಿಯಲ್ಲಿ ಪದರ ಪದರವಾಗಿ ವಯಸ್ಸು ದಾಖಲಾಗಿರುತ್ತದೆ. ನಮ್ಮ ನೀರಿನಲ್ಲಿ ಬ್ರೈಡ್ಸ್ ತಿಮಿಂಗಿಲದ ಎರಡು ಬಗೆಗಳಿವೆ. ಕಣ್ಣಿಗೆ ಸುಲಭವಾಗಿ ವ್ಯತ್ಯಾಸ ಗೊತ್ತಾಗುವುದಿಲ್ಲ, ಚರ್ಮದ ಚೂರಿನಿಂದ ಡಿಎನ್‌ಎ ತೆಗೆದರೆ ಗೊತ್ತಾಗುತ್ತದೆ. ಒಂದು ಸಾವಿನಿಂದ ಇಷ್ಟೆಲ್ಲ ಕಲಿಯಬಹುದು. ಪ್ರತಿ ಕರಾವಳಿ ಜಿಲ್ಲೆಯಲ್ಲಿ ತರಬೇತಿ ಆದ ಇಬ್ಬರು ವೈದ್ಯರು, ಒಂದು ಪೆಟ್ಟಿಗೆ ಸಾಮಾನು, ಮಾದರಿ ಇಡಲು ಒಂದು ಫ್ರೀಜರ್ ಸಾಕು. ಹೂಳುವ ಜಾಗವನ್ನು ಗುರುತು ಮಾಡಿಟ್ಟರೆ ಒಂದೆರಡು ವರ್ಷದ ನಂತರ ಎಲುಬುಗಳನ್ನೂ ತೆಗೆಯಬಹುದು. ಮಾರ್ಗಸೂಚಿ ಬಂದು ವರ್ಷಗಳಾದವು. ಅದನ್ನು ದಂಡೆಯ ಮೇಲೆ ಕೆಲಸ ಮಾಡುವ ಹಾಗೆ ಮಾಡುವ ದುಡ್ಡು ಜಿಲ್ಲೆಗೆ ಬರಬೇಕು.

ಜೀವಂತ ಬಂದಾಗ ಇನ್ನೂ ಕಷ್ಟ. 2023ರ ನವೆಂಬರ್‌ನಲ್ಲಿ ರತ್ನಾಗಿರಿ ಜಿಲ್ಲೆಯ ಗಣಪತಿಪುಳೆ ದಂಡೆಗೆ ಒಂದು ತಿಮಿಂಗಿಲ ಮರಿ ಬಂದು ಸಿಕ್ಕಿಕೊಂಡಿತು. ಊರಿನವರು, ಅಧಿಕಾರಿಗಳು, ಕೋಸ್ಟ್‌ಗಾರ್ಡ್ ಎಲ್ಲ ಸೇರಿ ಎರಡು ದಿನ ಹೆಣಗಾಡಿ ಅದನ್ನು ನೀರಿಗೆ ಬಿಟ್ಟರು. ಮತ್ತೆ ದಂಡೆಗೆ ಬಂದಾಗ ಅದು ಬದುಕಿರಲಿಲ್ಲ. ಆ ಜನರ ಪ್ರಯತ್ನ ನೋಡಿ ನನಗೆ ಕಣ್ಣು ತುಂಬಿ ಬಂದಿತ್ತು. ನಾಳೆ ಅದೇ ಪರಿಸ್ಥಿತಿ ಮುರ್ಡೇಶ್ವರದಲ್ಲೋ ಕಾಪುವಿನಲ್ಲೋ ಬಂದರೆ ಯಾರಿಗೆ ಮೊದಲು ಫೋನ್ ಮಾಡಬೇಕು ಅಂತ ದಂಡೆಯ ಪ್ರತಿ ಮನೆಗೂ ಗೊತ್ತಿರಬೇಕು. ಬಾಲಕ್ಕೆ ಹಗ್ಗ ಕಟ್ಟಿ ಎಳೆಯಬಾರದು, ತಲೆ ಮೇಲಿನ ಉಸಿರಿನ ತೂತಿಗೆ ನೀರು, ಮರಳು ಹೋಗಬಾರದು, ಮೈ ಒದ್ದೆಯಾಗಿರಬೇಕು. ಇಷ್ಟಾದರೂ ಶಾಲೆಯ ಗೋಡೆ ಮೇಲೆ ಬರೆಸಿ.

ಇನ್ನು ಹಂಪ್‌ಬ್ಯಾಕ್ ವಿಷಯ. ಇದನ್ನು ಸ್ವಲ್ಪ ಸಮಾಧಾನವಾಗಿ ಓದಿ ಅಂತ ಕೇಳಿಕೊಳ್ಳುತ್ತೇನೆ. ಲೋಕದ ಬೇರೆ ಹಂಪ್‌ಬ್ಯಾಕ್‌ಗಳು ಬೇಸಿಗೆಯಲ್ಲಿ ಧ್ರುವದ ಕಡೆ ಉಣ್ಣಲು ಹೋಗುತ್ತವೆ, ಚಳಿಗಾಲದಲ್ಲಿ ಬಿಸಿನೀರಿಗೆ ಮರಿ ಹಾಕಲು ಬರುತ್ತವೆ. ಅರಬ್ಬಿ ಸಮುದ್ರದವು ಮಾತ್ರ ಎಲ್ಲಿಗೂ ವಲಸೆ ಹೋಗುವುದಿಲ್ಲ. ಇಲ್ಲೇ ಉಣ್ಣುತ್ತವೆ, ಇಲ್ಲೇ ಹೆರುತ್ತವೆ. ಸುಮಾರು 70,000 ವರ್ಷಗಳಿಂದ ಉಳಿದವುಗಳಿಂದ ಬೇರೆಯಾಗಿ ಉಳಿದಿವೆ ಅಂತ ಡಿಎನ್‌ಎ ಹೇಳುತ್ತದೆ. ಓಮನ್ ಬಳಿ ವರ್ಷಗಟ್ಟಲೆ ಫೋಟೊ ತೆಗೆದು ಲೆಕ್ಕ ಹಾಕಿದಾಗ ಸಿಕ್ಕ ಅಂದಾಜು 82. ನೂರೂ ಇಲ್ಲ. ಬಾಲದ ಬುಡದ ಫೋಟೊ ಸಿಕ್ಕವುಗಳಲ್ಲಿ ಶೇಕಡಾ 30ರಿಂದ 40ರಷ್ಟು ಪ್ರಾಣಿಗಳ ಮೇಲೆ ಬಲೆಗೆ ಸಿಕ್ಕ ಹಾಗೆ ಕಾಣುವ ಗಾಯದ ಗುರುತಿತ್ತು.

ಇಷ್ಟು ಕಡಿಮೆ ಆದದ್ದಕ್ಕೆ ಒಂದು ದೊಡ್ಡ ಕಾರಣ ಗೊತ್ತಿದೆ. 1965–66ರಲ್ಲಿ ಸೋವಿಯತ್ ಬೇಟೆ ಹಡಗುಗಳು ಓಮನ್, ಪಾಕಿಸ್ತಾನ, ಭಾರತದ ಕರಾವಳಿಯಾಚೆ 242 ಹಂಪ್‌ಬ್ಯಾಕ್‌ಗಳನ್ನು ಕೊಂದವು. ಬಹುತೇಕ ಎಲ್ಲವನ್ನೂ 1966ರ ನವೆಂಬರ್ ಒಂದೇ ತಿಂಗಳಲ್ಲಿ. ಲೆಕ್ಕ ಮುಚ್ಚಿಟ್ಟರು. ಸೋವಿಯತ್ ಒಕ್ಕೂಟ ಒಡೆದ ಮೇಲೆ, 1990ರ ದಶಕದಲ್ಲಿ, ಅಲ್ಲಿನ ವಿಜ್ಞಾನಿಗಳೇ ಸತ್ಯ ಹೊರಗೆ ಹಾಕಿದರು. ನಮ್ಮ ಮನೆ ಮುಂದಿನ ಕಡಲಿನಲ್ಲಿ ಇಷ್ಟು ದೊಡ್ಡ ಅನಾಹುತ ಆಗಿ ಮೂರು ದಶಕವಾಗುವವರೆಗೆ ನಮಗೆ ಸುಳಿವೇ ಇರಲಿಲ್ಲ. ಯಾಕೆಂದರೆ ಅಲ್ಲಿ ಏನಿದೆ ಅಂತ ನಾವು ನೋಡುತ್ತಲೇ ಇರಲಿಲ್ಲ.

ಅವು ನಮ್ಮ ಕಡೆಗೂ ಬರುತ್ತವೆ. 2017ರಲ್ಲಿ ಓಮನ್ ಬಳಿ ಲುಬಾನ್ ಎಂಬ ಹೆಣ್ಣು ಹಂಪ್‌ಬ್ಯಾಕ್‌ಗೆ ಉಪಗ್ರಹ ಟ್ಯಾಗ್ ಹಾಕಿದ್ದರು. ಅದು ಅರಬ್ಬಿ ಸಮುದ್ರವನ್ನು ಅಡ್ಡಲಾಗಿ ದಾಟಿ ಭಾರತದ ದಕ್ಷಿಣ ತುದಿಯವರೆಗೆ ಬಂದು ಹೋಯಿತು. ಅದೇ ವರ್ಷ ಗೋವಾ ಬಳಿ ನೀರೊಳಗೆ ಇಟ್ಟ ಮೈಕಿನಲ್ಲಿ ಹಂಪ್‌ಬ್ಯಾಕ್ ಹಾಡು ಸಿಕ್ಕಿತು. ಹಾಡುವುದು ಗಂಡು, ಹೆಚ್ಚಾಗಿ ಕೂಡುವ ಕಾಲದಲ್ಲಿ. ಲಕ್ಷದ್ವೀಪದ ಕವರತ್ತಿ ಬಳಿ ಇಟ್ಟ ಮೈಕುಗಳಲ್ಲಿ ನೀಲಿ ತಿಮಿಂಗಿಲದ ದನಿಯೂ ದಾಖಲಾಗಿದೆ. ಗೋವಾದಲ್ಲಿ ಹಾಡಿದ್ದು ಕಾರವಾರಕ್ಕೆ ಎಷ್ಟು ಹತ್ತಿರ ಅಂತ ನಿಮಗೆ ನಾನು ಹೇಳಬೇಕಿಲ್ಲ. ಕಾರವಾರ, ಮಲ್ಪೆ, ಮಂಗಳೂರಿನಾಚೆ ಇಂಥ ಮೈಕುಗಳನ್ನು ವರ್ಷಪೂರ್ತಿ ಇಟ್ಟರೆ ಯಾರು ಬಂದರು, ಯಾವ ತಿಂಗಳು ಬಂದರು ಅಂತ ಮಳೆಗಾಲದಲ್ಲೂ ಗೊತ್ತಾಗುತ್ತದೆ. ಆ ಹೊತ್ತಿಗೆ ಸಮೀಕ್ಷೆಯ ದೋಣಿ ಇಳಿಸುವುದು ಕಷ್ಟ. ಹಡಗಿನ ಸದ್ದು ಎಷ್ಟು ಏರುತ್ತಿದೆ ಅನ್ನುವುದೂ ಅದರಲ್ಲೇ ಸಿಗುತ್ತದೆ.

ಹಂಪ್‌ಬ್ಯಾಕ್ ಮುಳುಗುವಾಗ ಬಾಲ ಎತ್ತುತ್ತದೆ. ಬಾಲದ ಅಡಿಭಾಗದ ಕಪ್ಪು-ಬಿಳುಪು ಒಂದರ ಹಾಗೆ ಇನ್ನೊಂದಕ್ಕಿಲ್ಲ. ಬಂಡೀಪುರದಲ್ಲಿ ಪಟ್ಟೆ ನೋಡಿ ಹುಲಿ ಗುರುತಿಸುವ ಹಾಗೆ, ಇಲ್ಲಿ ಬಾಲದ ಫೋಟೊ ಸಾಕು. ನಮ್ಮ ಫೋಟೊ, ಓಮನ್ ಫೋಟೊ ಪಕ್ಕಪಕ್ಕ ಇಟ್ಟರೆ ಯಾರು ಎಲ್ಲಿಗೆ ಹೋದರು ಅಂತ ಗೊತ್ತಾಗುತ್ತದೆ. ಆ ಫೋಟೊ ತೆಗೆಯಬಲ್ಲವರು ಯಾರು? ದಿನಗಟ್ಟಲೆ ಆಳ ಸಮುದ್ರದಲ್ಲಿ ಇರುವ ನಮ್ಮ ಬೋಟಿನವರು. ಒಂದು ಲಕ್ಷ ಬೋಟುಗಳಿಗೆ ಟ್ರಾನ್ಸ್‌ಪಾಂಡರ್ ಕೊಡುವ ಯೋಜನೆ 2024ರಲ್ಲಿ ಶುರುವಾಗಿದೆ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಉಪಕರಣ ಅದು. ತಿಮಿಂಗಿಲ ಕಂಡೆ, ಇಲ್ಲಿ ಕಂಡೆ ಅಂತ ಕಳಿಸಲು ಅದರಲ್ಲೇ ಒಂದು ಆಯ್ಕೆ ಸೇರಿಸಬಹುದಲ್ವಾ?

ಆದರೆ ಬೋಟು ನಡೆಸುವ ತಾಂಡೇಲ ಬಾಯಿ ಬಿಡಬೇಕಾದರೆ ಅವನಿಗೆ ಹೆದರಿಕೆ ಇರಬಾರದು. ಮೊದಲ ಅನುಸೂಚಿಯ ಪ್ರಾಣಿಗೆ ಹಾನಿಯಾದರೆ ಮೂರರಿಂದ ಏಳು ವರ್ಷ ಜೈಲು. ಬೇಟೆಗಾರನಿಗೆ ಅದು ಸರಿ. ಬಂಗುಡೆಗೆ ಬಲೆ ಬಿಟ್ಟವನಿಗೆ ಅಕಸ್ಮಾತ್ ತಿಮಿಂಗಿಲ ಸಿಕ್ಕಿದರೆ? ಕೇಸಿನ ಭಯಕ್ಕೆ ಅವನು ಸುಮ್ನೆ ಬಲೆ ಕಡಿದು ವಾಪಸ್ ಬರುತ್ತಾನೆ, ಯಾರಿಗೂ ಹೇಳುವುದಿಲ್ಲ. ನಮಗೆ ಬೇಕಾದ ಮಾಹಿತಿ ಅಲ್ಲೇ ಮುಳುಗುತ್ತದೆ. ಅಂಬರ್‌ಗ್ರಿಸ್ ಹಾವಳಿಯಿಂದ ಇದು ಇನ್ನೂ ಕೆಟ್ಟಿದೆ. ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಆಗುವ ಈ ಗಟ್ಟಿಗೆ ಕೋಟಿ ಕೋಟಿ ಬೆಲೆ ಅಂತ ಸುದ್ದಿ ಹಬ್ಬಿ, 2021ರಿಂದ ಈಚೆ ಬೆಂಗಳೂರು, ಮಂಗಳೂರಿನಲ್ಲಿ ಎಷ್ಟೋ ಜನ ಜೈಲು ಕಂಡರು. ಅದೇ ವರ್ಷ ಮುರ್ಡೇಶ್ವರದ ಮೀನುಗಾರರೊಬ್ಬರು ತಮಗೆ ಸಿಕ್ಕಿದ ಅಂಬರ್‌ಗ್ರಿಸ್ಸನ್ನು ಅರಣ್ಯ ಇಲಾಖೆಗೆ ಒಪ್ಪಿಸಿದರು. ಅಂಥವರ ಬೆನ್ನಿಗೆ ಸರ್ಕಾರ ನಿಲ್ಲಬೇಕು. ಆಕಸ್ಮಿಕವಾಗಿ ಬಲೆಗೆ ಸಿಕ್ಕಿದ್ದನ್ನು ತಾನಾಗಿ ತಿಳಿಸಿದವನ ಮೇಲೆ ಕೇಸಿಲ್ಲ ಅಂತ ಬರಹದಲ್ಲಿ ಆದೇಶ ಬರಲಿ.

ಜೊತೆಗೆ ಬಲೆಯ ಹಣ. ಸಂರಕ್ಷಿತ ಜೀವಿಯನ್ನು ಬಿಡಿಸಲು ಬಲೆ ಕಡಿದ ಮೀನುಗಾರನಿಗೆ ಮಹಾರಾಷ್ಟ್ರ 2018ರ ಕೊನೆಯಿಂದ 25,000 ರೂಪಾಯಿವರೆಗೆ ಪರಿಹಾರ ಕೊಡುತ್ತಿದೆ. ಗುಜರಾತಿನಲ್ಲಿ ತಿಮಿಂಗಿಲ ಶಾರ್ಕ್‌ಗೆ ಇಂಥದ್ದೇ ವ್ಯವಸ್ಥೆ ಇದೆ. ಅದು ಮೀನು, ತಿಮಿಂಗಿಲ ಅಲ್ಲ. ಆದರೂ ಒಂದು ಕಾಲದಲ್ಲಿ ಅದನ್ನು ಕೊಲ್ಲುತ್ತಿದ್ದ ಕೈಗಳೇ ನೂರಾರು ಶಾರ್ಕ್‌ಗಳನ್ನು ಬಲೆ ಕಡಿದು ಬಿಟ್ಟಿವೆ. ಒಂದು ಪರ್ಸೀನ್ ಬಲೆಗೆ ಲಕ್ಷಗಟ್ಟಲೆ ಖರ್ಚಿದೆ. ಹಾಗಾಗಿ ಪಶ್ಚಿಮ ಕರಾವಳಿಯ ಎಲ್ಲ ರಾಜ್ಯಗಳಿಗೂ ಒಂದೇ ದರ, ನಿಜವಾದ ನಷ್ಟಕ್ಕೆ ಹೊಂದುವ ದರ, ಕೇಂದ್ರದ ದುಡ್ಡಿನಲ್ಲಿ ಬರಲಿ. ಒಂದು ತಿಂಗಳೊಳಗೆ ಖಾತೆಗೆ ಬೀಳಲಿ. ಆರು ತಿಂಗಳು ಅಲೆಸಿದರೆ ಮುಂದಿನ ಸಲ ಯಾರೂ ಫೋನ್ ಮಾಡುವುದಿಲ್ಲ.

ಹಡಗುಗಳ ಬಗ್ಗೆ ಎರಡೇ ಮಾತು. 2025ರಲ್ಲಿ ಕೇರಳದ ವಿಳಿಞಂ ಬಂದರಿನ ಉದ್ಘಾಟನೆಯಾಯಿತು, ಲೋಕದ ಅತಿ ದೊಡ್ಡ ಕಂಟೇನರ್ ಹಡಗುಗಳು ಈಗ ನಮ್ಮ ತೀರಕ್ಕೆ ಬರುತ್ತಿವೆ. ಬಂದರು ಬೇಡ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಬಾಸ್ಟನ್ ಬಳಿ 2007ರಲ್ಲಿ ಹಡಗುದಾರಿಯನ್ನು ಸ್ವಲ್ಪ ಸರಿಸಿ ತಿಮಿಂಗಿಲಗಳಿಗೆ ಬಡಿಯುವ ಅಪಾಯ ತಗ್ಗಿಸಿದರು. ಅಲ್ಲಿ ತಿಮಿಂಗಿಲ ಎಲ್ಲಿ ಸೇರುತ್ತವೆ ಅನ್ನುವ ವರ್ಷಗಳ ಲೆಕ್ಕ ಕೈಯಲ್ಲಿತ್ತು. ಅಂಥ ಲೆಕ್ಕ ಇಲ್ಲದೆ ದಾರಿ ಸರಿಸುವುದಾದರೂ ಎಲ್ಲಿಗೆ?

ಈಗ ಈ ಕೆಲಸ ಹರಿದು ಹಂಚಿ ಹೋಗಿದೆ. ವನ್ಯಜೀವಿ ಸಂಸ್ಥೆ ಡೆಹ್ರಾಡೂನ್‌ನಲ್ಲಿ, ಪರಿಸರ ಸಚಿವಾಲಯದ ಕೈಯಲ್ಲಿ. ಮೀನು ಸಂಶೋಧನೆ ಕೃಷಿ ಸಚಿವಾಲಯದ ಕೈಯಲ್ಲಿ. ಸಾಗರ ಸಂಪದ ಸಂಶೋಧನಾ ಹಡಗು ಭೂವಿಜ್ಞಾನ ಸಚಿವಾಲಯದ್ದು. ಹಡಗುದಾರಿ ಬಂದರು ಸಚಿವಾಲಯದ್ದು. ಕೋಸ್ಟ್‌ಗಾರ್ಡ್, ನೌಕಾಪಡೆ ರಕ್ಷಣಾ ಸಚಿವಾಲಯದವು. ಎಲ್ಲರ ಹತ್ತಿರ ಒಂದೊಂದು ಚೂರು ಮಾಹಿತಿ ಇದೆ. ಇವನ್ನು ಒಂದೆಡೆ ಕೂಡಿಸುವ, ವರ್ಷಕ್ಕೊಂದು ವರದಿಯನ್ನು ಜನರ ಮುಂದೆ ಇಡುವ ಒಂದು ಘಟಕ ಬೇಕು. ಪಶ್ಚಿಮ ಕರಾವಳಿಗೆ ಅದರ ಕಚೇರಿ ಕಾರವಾರದಲ್ಲೋ ಮಂಗಳೂರಿನಲ್ಲೋ ಇದ್ದರೆ ಬೋಟಿನವರಿಗೂ ಹತ್ತಿರ.

ಮುಂದಿನ ಅಧಿವೇಶನದಲ್ಲಿ ನೀವು ಮೂವರೂ ಪಕ್ಷ ನೋಡದೆ ಒಟ್ಟಿಗೆ ಕೇಳಿ. ಹಂಪ್‌ಬ್ಯಾಕ್ ಚೇತರಿಕೆ ಕಾರ್ಯಕ್ರಮಕ್ಕೆ 2018ರಿಂದ ಈವರೆಗೆ ಎಷ್ಟು ಹಣ ಬಿಡುಗಡೆಯಾಯಿತು, ಯಾವ ಕೆಲಸಕ್ಕೆ? ಸೀಗಡಿಗಾಗಿ ಶುರುವಾದ ಸಮೀಕ್ಷೆ ಕಾಯಂ ಆಗುತ್ತದಾ? ನಮ್ಮ ಮೂರು ಜಿಲ್ಲೆಗಳಲ್ಲಿ ಕಳೆದ ಐದು ವರ್ಷ ದಂಡೆಗೆ ಬಂದ ತಿಮಿಂಗಿಲಗಳಲ್ಲಿ ಎಷ್ಟರ ಸಾವಿನ ಕಾರಣ ಪತ್ತೆಯಾಯಿತು? ಬಂದ ಉತ್ತರವನ್ನು ದಯವಿಟ್ಟು ಕನ್ನಡದಲ್ಲೂ ಪ್ರಕಟಿಸಿ, ಬಂದರುಗಳ ಮೀನುಗಾರರ ಸಂಘಗಳಿಗೆ ಕಳಿಸಿ. ಜುಲೈಯಲ್ಲಿ ಬೋಟುಗಳು ದಕ್ಕೆಯಲ್ಲೇ ಇರುತ್ತವೆ, ತಾಂಡೇಲರು ಊರಿನಲ್ಲೇ ಇರುತ್ತಾರೆ. ಬಲೆ ಹೆಣೆಯುವ ಆ ದಿನಗಳಲ್ಲಿ ವಿಜ್ಞಾನಿಗಳನ್ನು ಕರೆದುಕೊಂಡು ಬಂದು ಅವರ ಜೊತೆ ಒಂದು ಸಭೆ ಮಾಡಿ. ಜನ ಸೇರಿಸುವ ಜವಾಬ್ದಾರಿ ನಮ್ಮದು.

ಇಂತಿ ನಿಮ್ಮ ವಿಶ್ವಾಸಿ,
ಹೊನ್ನಾವರ ಕಡೆಯ ಒಬ್ಬ ಮತದಾರ